ಓಣ್ಯಾಗ ಒಂದು ಕೌದಿ ಗುಂಪು ಕಟ್ಟೋದು ಹೆಂಗ

ಕೌದಿ ಅಂದ್ರ ಹಳೇ ಅರಿವಿ (ಬಟ್ಟಿ) ಪದರ ಪದರ ಜೋಡಿಸಿ ಕೈಲೆ ಹೊಲಿದ ಹೊದಿಕಿ. ಅದನ್ನ ಕೂಡಿ ಹೊಲಿಯೋ ಗುಂಪು ಮಾಡ್ಬೇಕು ಅಂತ ಹೊರಟೋರು ಮೊದ್ಲು ವಾಟ್ಸಾಪ್ ಗ್ರೂಪ್ ಮಾಡ್ತಾರ, ಆಮ್ಯಾಲೆ ಅಧ್ಯಕ್ಷರು ಯಾರು ಅಂತ ಜಗಳ, ಅಲ್ಲಿಗೆ ಮುಗೀತು. ಅದ್ರ ಬದ್ಲಿ ಓಣ್ಯಾಗ ಕೈಹೊಲಿಗಿ ಬರೋ ಒಬ್ಬ ಅಜ್ಜಿನ್ನ ಹುಡುಕ್ರಿ. ಧಾರವಾಡ, ಗದಗ, ಬಾಗಲಕೋಟಿ ಕಡೆ ಇನ್ನೂ ಸಿಗ್ತಾರ. ಇಲ್ಲಾಂದ್ರ ಊರೂರು ತಿರುಗಿ ಕೌದಿ ಹೊಲಿದು ಕೊಡೋ ಗೊಂಧಳಿ ಸಮುದಾಯದ ಹೆಣ್ಮಕ್ಳನ್ನ ಕೇಳ್ರಿ. ಕಲಿಸಿದ್ದಕ್ಕ ದಿನದ ಪಗಾರ ಕೊಡ್ಬೇಕು ಮತ್ತ, ಚಹಾ ಕುಡಿಸಿ ಫೋಟೋ ತಗೊಂಡು ಕಳಿಸೋದಲ್ಲ.

ಅರಿವಿ ವಿಷಯಕ್ಕ ಬರೋಣು. ಎಲ್ರೂ ಮನ್ಯಾಗಿನ ಹಳೇ ಸೀರಿ, ಧೋತ್ರ, ಲುಂಗಿ ತಂದು ಹಾಕ್ತಾರ, ಅದ್ರಾಗ ಅರ್ಧ ಪಾಲಿಸ್ಟರ್ ಇರ್ತದ. ಪಾಲಿಸ್ಟರ್ ಬ್ಯಾಡ. ಜಾರ್ತದ, ಬೆವರು ಹೀರಂಗಿಲ್ಲ. ಕಾಟನ್ ಅಷ್ಟ ಇಟ್ಕೊಳ್ರಿ. ಒಂದೊಂದು ಅರಿವಿನೂ ಬೆಳಕಿಗೆ ಹಿಡಿದು ನೋಡಿ, ಎರಡೂ ಕೈಲೆ ಜಗ್ಗಿ ನೋಡ್ರಿ, ಸರ್ ಅಂತ ಹರಿದ್ರ ಅದು ನಡುವಿನ ಪದರಕ್ಕ ಅಷ್ಟ ಬರ್ತದ, ಮ್ಯಾಲಿನ ತುಂಡಿಗೆ ಬರಂಗಿಲ್ಲ. ಕೆಂಪು ಇಳಕಲ್ ಸೀರಿ ಇದ್ರ ಬಿಳೀ ಅರಿವಿ ಒದ್ದಿ ಮಾಡಿ ತಿಕ್ಕಿ ನೋಡ್ರಿ, ಬಣ್ಣ ಬಿಟ್ರ ಬ್ಯಾರೆ ತೊಳದು ಇಡ್ರಿ, ಇಲ್ಲಾಂದ್ರ ಮೊದಲ್ನೇ ಒಗೆತಕ್ಕ ಇಡೀ ಕೌದಿ ಗುಲಾಬಿ ಆಗ್ತದ.

ಶುರುವಿಗೆ ಕೂಸಿನ ಕೌದಿ ಹಿಡೀರಿ, 3 ಅಡಿಗೆ 3 ಅಡಿ ಸಾಕು. ತಳಕ್ಕ ಗಟ್ಟಿ ಸೀರಿ ತುಂಡು, ನಡುವ ಒಂದೆರಡು ಪದರ ಮೆತ್ತನ ಧೋತ್ರ, ಮ್ಯಾಲೆ ಬಣ್ಣದ ತುಂಡು. ನೆಲದ ಮ್ಯಾಲೆ ಹಾಸಿ, ಸುಕ್ಕು ಇಲ್ದಂಗ ಜಗ್ಗಿ, ಮೂಲಿಗೆ ಏನಾರ ಭಾರ ಇಟ್ಟು, ಮೊದ್ಲು ಉದ್ದಕ್ಕ ದೊಡ್ಡ ದೊಡ್ಡ ಟಾಕಿ (ಹೊಲಿಗಿ) ಹಾಕಿ ಪದರ ಅಲ್ಲಾಡದಂಗ ಮಾಡ್ಕೋರಿ. ಆಮ್ಯಾಲೆ ಒಂದು ಮೂಲಿಯಿಂದ ಶುರು: ತುಂಡಿನ ಅಂಚು ಒಳಗ ಮಡಚಿ ಇಡ್ಬೇಕು, ದಪ್ಪ ಕಾಟನ್ ದಾರ ಡಬಲ್ ಮಾಡಿ ಎಲ್ಲಾ ಪದರ ಹಾಯೋ ಹಂಗ ಸಾದಾ ಟಾಕಿ ಹಾಕ್ಬೇಕು, ಅದ್ರ ಪಕ್ಕ ಮುಂದಿನ ತುಂಡು ಸ್ವಲ್ಪ ಮ್ಯಾಲೆ ಬರೋ ಹಂಗ ಇಟ್ಟು ಹೊಲೀತಾ ಅಂಚಿನ ಗುಂಟ ಒಂದು ಸುತ್ತು ಬಂದು, ಒಂದು ಬೆರಳಗಲ ಜಾಗ ಬಿಟ್ಟು ಎರಡ್ನೇ ಸುತ್ತು, ಹಿಂಗ ಒಳಗ ಒಳಗ ಹೋಗಿ ನಡುವ ಮುಗಸೋದು. ಹೊರಗಿಂದ ಒಳಗ ಬರೋದ್ರಾಗ ಇರೋ ಖುಬಿ ಏನಂದ್ರ ಅಂಚು ಮೊದ್ಲ ಗಟ್ಟಿ ಆಗ್ತದ, ನಾಲ್ಕು ಮಂದಿ ನಾಲ್ಕೂ ಕಡೆ ಕುಂತು ಒಂದ ಕೌದಿ ಹೊಲೀಬಹುದು. ಒಬ್ಬರ ಟಾಕಿ ಸಣ್ಣ, ಇನ್ನೊಬ್ಬರದು ದೊಡ್ಡದು ಬರ್ತದ, ಬರ್ಲಿ ಬಿಡ್ರಿ, ಬಿಚ್ಚಿ ಹೊಲಿಸಬ್ಯಾಡ್ರಿ.

ಈ ರೀತಿ ಹೊಲಿಗಿ ನೋಡ್ಬೇಕಂದ್ರ ಉತ್ತರ ಕನ್ನಡದಾಗಿರೋ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಮಕ್ಳ ಕವಂದಿ (ಅವ್ರು ಕೌದಿಗೆ ಹಂಗಂತಾರ) ನೋಡ್ರಿ, ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ. ಅವ್ರು ಕೊನಿಗೆ ನಾಲ್ಕೂ ಮೂಲಿಗೆ ತ್ರಿಕೋನ ಮಡಚಿದ ಹೂವು ಹಚ್ತಾರ, ಹೂವಿಲ್ಲದ ಕವಂದಿ ಅಂದ್ರ ಬೆತ್ತಲೆ ಇದ್ದಂಗ ಅಂತಾರ. ಇವ್ರ ಕವಂದಿ 2011ರಾಗ ನ್ಯೂಯಾರ್ಕ್‌ದಾಗ ಪ್ರದರ್ಶನಕ್ಕೂ ಇತ್ತು. ನೀವು ಅದನ್ನ ನೋಡಿ ಕಲೀರಿ, ಆದ್ರ ನೀವು ಹೊಲಿದಿದ್ದಕ್ಕ ‘ಸಿದ್ದಿ ಕವಂದಿ’ ಅಂತ ಲೇಬಲ್ ಹಚ್ಚಿ ಮಾರಬ್ಯಾಡ್ರಿ, ಅದು ಅವ್ರ ಹೊಟ್ಟಿ ಮ್ಯಾಲೆ ಹೊಡದಂಗ.

ಹಳೇ ಕೌದಿ ಯಾರಾರ ತಂದ್ರ ಒಗ್ಯಾಕ ಮೊದ್ಲ ಮುಂದ ಹಿಂದ ಎರಡೂ ಫೋಟೋ ತೆಗೀರಿ. ಹರಿದಲ್ಲಿ ಒಳಗ ಇಣುಕಿ ನೋಡ್ರಿ, ಭಾಳ ಸಲ ಒಳಗ ಇನ್ನೊಂದು ಹಳೇ ಕೌದಿನ ಇರ್ತದ, ಸವೆದ ಕೌದಿ ಮ್ಯಾಲ ಹೊಸ ಅರಿವಿ ಹಚ್ಚೋದು ರೂಢಿ. ಯಾರು ಹೊಲಿದ್ರು, ಯಾರ ಸೀರಿ, ಕೌದಿ ಮ್ಯಾಲಿನ ಚೌಕದ ತುಂಡಿಗೆ ಅಜ್ಜಿ ಏನಂತ ಕರೀತಾರ, ಒಂದು ನೋಟ್‌ಬುಕ್ಕಿನ್ಯಾಗ ಅವ್ರ ಮಾತಿನ್ಯಾಗ ಬರೀರಿ. ಹೊಸಾ ಕೌದಿ ಹಿಂದ ಹೆಸರು, ಊರು, ವರ್ಷ ದಾರದಲ್ಲೆ ಹಾಕ್ರಿ, ಪೆನ್ ಬರಹ ಅಳಸಿ ಹೋಗ್ತದ.

ದಾನ ಕೊಡೋದಾದ್ರ ಮೊದ್ಲ ಫೋನ್ ಮಾಡಿ ಕೇಳ್ರಿ. ಆಸ್ಪತ್ರ್ಯಾಗ ಹಳೇ ಅರಿವಿದು ತಗೊಳ್ದೇ ಇರಬಹುದು. ವೃದ್ಧಾಶ್ರಮಕ್ಕ ಹಗುರ ಬೇಕು, ಒಗ್ಯಾಕ ಆಗ್ಬೇಕಲ್ಲ. 2019ರ ಆಗಸ್ಟ್ ನೆರೆಯಾಗ ಬೆಳಗಾವಿ, ಬಾಗಲಕೋಟಿ ಮಂದಿ ಮನಿ ಬಿಟ್ಟು ಬಂದಿದ್ರು, ಹಂಥಾ ಹೊತ್ತಿನ್ಯಾಗ ನಾಲ್ಕೈದು ಪದರದ ಕೌದಿ ಒದ್ದಿ ಆದ್ರ ಎತ್ತಾಕ ಆಗಂಗಿಲ್ಲ, ಒಣಗಂಗೂ ಇಲ್ಲ, ಅದಕ್ಕ ಎರಡ ಪದರದ್ದು ಹತ್ತಿಪ್ಪತ್ತು ಹೊಲಿದು ಬೇಸಿಗ್ಯಾಗ ಕಟ್ಟಿ ಇಟ್ಕೋರಿ.

ಮಾರೋ ಕೌದಿಗೆ ರೇಟ್ ಹಚ್ಚೋದು ತಾಸಿನ ಲೆಕ್ಕದಾಗ. ಅರಿವಿ ಫುಕಟ್ ಬಂತು ಅಂತ ಕೈಕೆಲ್ಸನೂ ಫುಕಟ್ ಮಾಡಬ್ಯಾಡ್ರಿ, ಯಾರು ಎಷ್ಟು ತಾಸು ಕುಂತ್ರು ಅಂತ ದಿನಾ ಬರೀರಿ, ಸೀಸನ್ ಮುಗಿದ ಮ್ಯಾಲೆ ನೆನಪಿಲೆ ಹಂಚಾಕ ಹೋದ್ರ ಗುಂಪು ಒಡೀತದ. ರೊಕ್ಕ ಬರಾಕ ಹತ್ತಿದ್ರ 10ರಿಂದ 20 ಮಂದಿ ಸೇರಿ ಸ್ವಸಹಾಯ ಸಂಘ ಮಾಡ್ರಿ, ಬ್ಯಾಂಕ್ ಖಾತೆಗೆ ಇಬ್ರ ಸಹಿ ಇರ್ಲಿ. ದಾನ, ತರಬೇತಿ ಅಷ್ಟ ಮಾಡೋರಾದ್ರ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದಿ ಕೆಳಗ ಸೊಸೈಟಿ ಮಾಡಬಹುದು, ಅದಕ್ಕ ಕಮ್ಮಿ ಅಂದ್ರ 7 ಮಂದಿ ಬೇಕು.