ಮೇ ತಿಂಗಳಿಗೇ ಕೈಚೆಲ್ಲದೆ ಫ್ಯಾಂಟಸಿ ಬೇಸ್‌ಬಾಲ್ ಆಡುವುದು ಹೇಗೆ?

ಅಮೆರಿಕದಲ್ಲಿ ಕೆಲಸಕ್ಕಿರುವ ನಮ್ಮವರಿಗೆ ಮಾರ್ಚ್ ಬಂತೆಂದರೆ ಒಂದು ಕರೆ ಬಂದೇ ಬರುತ್ತದೆ. 'ನಮ್ಮ ಲೀಗ್‌ಗೆ ಒಬ್ಬರು ಕಮ್ಮಿ ಇದ್ದಾರೆ, ಸೇರ್ತೀರಾ?' ಆಫೀಸಿನ ಗೆಳೆಯರೋ, ಪಕ್ಕದ ಮನೆಯವರೋ, ಮಗನ ಜೊತೆ ಆಡುವ ಹುಡುಗರ ಅಪ್ಪಂದಿರೋ ಕೇಳುತ್ತಾರೆ. ನಿಜವಾದ ಬೇಸ್‌ಬಾಲ್ ಆಟಗಾರರನ್ನು ಆರಿಸಿ ಆ್ಯಪ್‌ನಲ್ಲಿ ತಂಡ ಕಟ್ಟುವ ಆಟ ಇದು, ಅವರು ಮೈದಾನದಲ್ಲಿ ಆಡಿದ್ದೇ ನಮ್ಮ ಲೆಕ್ಕಕ್ಕೆ. ನಾವೂ ಹೂಂ ಅನ್ನುತ್ತೇವೆ. ಡ್ರಾಫ್ಟ್ ರಾತ್ರಿ, ಅಂದರೆ ಸುತ್ತಿಗೊಬ್ಬರಂತೆ ಆಟಗಾರರನ್ನು ಆರಿಸಿಕೊಳ್ಳುವ ರಾತ್ರಿ, ಭಾರಿ ಜೋಶ್. ಮೇ ಕೊನೆಗೆ ಅದೇ ತಂಡವನ್ನು ತೆಗೆದು ನೋಡಿ. ಗಾಯಗೊಂಡು ಮನೆಯಲ್ಲಿ ಕೂತ ಮೂವರು ಇನ್ನೂ ಆಡುವ ಪಟ್ಟಿಯಲ್ಲೇ ಇರುತ್ತಾರೆ. ಏಪ್ರಿಲ್‌ನಲ್ಲಿ ಸಿಟ್ಟಿಗೆ ಕೈಬಿಟ್ಟ ಬ್ಯಾಟರ್ ಎದುರಾಳಿಯ ತಂಡದಲ್ಲಿ ಮೆರೆಯುತ್ತಿರುತ್ತಾನೆ.

ಬೇಸ್‌ಬಾಲ್ ಗೊತ್ತಿಲ್ಲದೆ ಆಗುವ ಎಡವಟ್ಟು ಇದು ಅಂತ ನನಗನ್ನಿಸುವುದಿಲ್ಲ. ಡ್ರೀಮ್ ಇಲೆವೆನ್ ಅಭ್ಯಾಸದಿಂದ ಆಗುವುದೇ ಜಾಸ್ತಿ. ಅಲ್ಲಿ ಒಂದು ಮ್ಯಾಚ್‌ಗೆ 11 ಜನ, ರಾತ್ರಿಗೆ ಲೆಕ್ಕ ಚುಕ್ತಾ. ಇಲ್ಲಿ ಮೇಜರ್ ಲೀಗ್‌ನ 30 ತಂಡಗಳು ತಲಾ 162 ಆಟ ಆಡುತ್ತವೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಹೆಚ್ಚುಕಡಿಮೆ ದಿನಾ ಆಟ ಇರುತ್ತದೆ. ನೀವು ಆರಿಸಿದ ಆಟಗಾರ ಆರು ತಿಂಗಳು ನಿಮ್ಮವನು, ಲೀಗ್‌ನಲ್ಲಿ ಬೇರೆ ಯಾರಿಗೂ ಸಿಗುವುದಿಲ್ಲ. ಹಾಗಾಗಿ ಆಟದ ನಡೆ ಪೂರ್ತಿ ಬೇರೆ.

ಹೆಜ್ಜೆ 1: ಲೀಗ್ ಯಾವ ಬಗೆಯದು ನೋಡಿಕೊಳ್ಳಿ

ಯಾಹೂ, ಇಎಸ್‌ಪಿಎನ್, ಫ್ಯಾನ್‌ಟ್ರ್ಯಾಕ್ಸ್, ಎಲ್ಲಿ ಬೇಕಾದರೂ ಲೀಗನ್ನು ಪುಕ್ಕಟೆ ನಡೆಸಬಹುದು. ಆ್ಯಪ್ ಯಾವುದು ಅನ್ನುವುದು ಮುಖ್ಯವಲ್ಲ, ಸೆಟ್ಟಿಂಗ್ಸ್ ಪುಟ ಮುಖ್ಯ. ಅದನ್ನು ಓದದೆ ಡ್ರಾಫ್ಟ್‌ಗೆ ಕೂರುವವರೇ ಹೆಚ್ಚು.

ಸಾಮಾನ್ಯವಾಗಿ 10 ವಿಭಾಗಗಳಿರುತ್ತವೆ. ಬ್ಯಾಟಿಂಗ್‌ನಲ್ಲಿ ರನ್, ಹೋಮ್ ರನ್ (ನಮ್ಮ ಸಿಕ್ಸರ್ ಥರ), ಆರ್‌ಬಿಐ (ಇವನ ಹೊಡೆತದಿಂದ ಬಂದ ರನ್), ಕದ್ದ ಬೇಸ್ (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರುವುದು), ಸರಾಸರಿ (ಆಡಿದ ಸರದಿಗಳಲ್ಲಿ ಹಿಟ್‌ಗಳ ಪಾಲು). ಪಿಚಿಂಗ್‌ನಲ್ಲಿ, ಅಂದರೆ ಚೆಂಡು ಎಸೆಯುವುದರಲ್ಲಿ, ಗೆಲುವು, ಸೇವ್ (ಕೊನೆಯಲ್ಲಿ ಬಂದು ಗೆಲುವು ಉಳಿಸಿಕೊಡುವುದು), ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಇಆರ್‌ಎ, ವಿಪ್. ಇಲ್ಲಿ ಮೂರು ಔಟ್‌ಗೆ ಒಂದು ಇನಿಂಗ್ಸ್. ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟು, ಒಂಬತ್ತು ಇನಿಂಗ್ಸ್‌ಗೆ ಪಿಚರ್ ಎಷ್ಟು ರನ್ ಕೊಟ್ಟ ಅನ್ನುವುದು ಇಆರ್‌ಎ. ಒಂದು ಇನಿಂಗ್ಸ್‌ಗೆ ಎಷ್ಟು ಜನರನ್ನು ಹಿಟ್ (ಹೊಡೆದು ಬೇಸ್ ಸೇರುವುದು) ಅಥವಾ ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್) ಮೂಲಕ ಬೇಸ್‌ಗೆ ಬಿಟ್ಟ ಅನ್ನುವುದು ವಿಪ್. ಎರಡೂ ಕಮ್ಮಿ ಇದ್ದಷ್ಟು ಒಳ್ಳೆಯದು. ವಿಪ್ ಹುಟ್ಟಿದ್ದೇ ಈ ಆಟಕ್ಕಾಗಿ. ಡೇನಿಯಲ್ ಓಕ್ರೆಂಟ್ ಎಂಬ ಪತ್ರಕರ್ತ ಗೆಳೆಯರೊಂದಿಗೆ 1980ರಲ್ಲಿ ಮೊದಲ ಲೀಗ್ ಆಡಿದಾಗ ಅದನ್ನು ಕಟ್ಟಿದ್ದರು. ಅವರು ಸೇರುತ್ತಿದ್ದ ನ್ಯೂಯಾರ್ಕ್‌ನ ಫ್ರೆಂಚ್ ಹೋಟೆಲಿನ ಹೆಸರಿನಿಂದಲೇ 'ರೊಟಿಸರಿ' ಲೀಗ್ ಅನ್ನುವ ಮಾತು ಬಂತು. ಈಗ ಎಲ್ಲರೂ ಚಿಕ್ಕದಾಗಿ 'ರೋಟೋ' ಅನ್ನುತ್ತಾರೆ.

ರೋಟೋದಲ್ಲಿ ಆರು ತಿಂಗಳ ಮೊತ್ತ ಲೆಕ್ಕ. 12 ತಂಡಗಳಿದ್ದರೆ ಪ್ರತಿ ವಿಭಾಗದಲ್ಲಿ ಮೊದಲಿಗನಿಗೆ 12 ಅಂಕ, ಕೊನೆಯವನಿಗೆ 1. ಹೆಡ್-ಟು-ಹೆಡ್‌ನಲ್ಲಿ ವಾರಕ್ಕೊಬ್ಬ ಎದುರಾಳಿ, ಸೋಮವಾರದಿಂದ ಭಾನುವಾರದವರೆಗೆ. ಗೆಳೆಯರ ಲೀಗ್‌ಗೆ ಹೆಡ್-ಟು-ಹೆಡ್ಡೇ ಸರಿ. ವಾರಕ್ಕೊಬ್ಬರ ಕಾಲೆಳೆಯಲು ಅವಕಾಶ ಇರಬೇಕು, ಅಲ್ವಾ? ರೋಟೋ ಹೆಚ್ಚು ನ್ಯಾಯವಾದದ್ದು ಅಂತ ಹಳಬರು ವಾದಿಸುತ್ತಾರೆ. ವಾದ ಸರಿಯೇ. ಆದರೆ ಜುಲೈ ಹೊತ್ತಿಗೆ 11ನೇ ಸ್ಥಾನದಲ್ಲಿರುವ ಗೆಳೆಯನನ್ನು ಅದರಲ್ಲಿ ಹಿಡಿದಿಡುವುದು ಕಷ್ಟ.

ಹೆಜ್ಜೆ 2: ಡ್ರಾಫ್ಟ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲರೂ ಇದಕ್ಕೇ ತಲೆ ಕೆಡಿಸಿಕೊಳ್ಳುತ್ತಾರೆ, ಆದ್ದರಿಂದ ಯಾರೂ ತೀರಾ ಕೆಡಿಸುವುದಿಲ್ಲ. ಮೊದಲ ಸುತ್ತುಗಳಲ್ಲಿ ಬ್ಯಾಟರ್‌ಗಳನ್ನು ತೆಗೆದುಕೊಳ್ಳಿ. ಕೊನೆಯ ಇನಿಂಗ್ಸ್ ಎಸೆದು ಸೇವ್ ತರುವ ಕ್ಲೋಸರ್‌ಗಳಿಗೆ ಮೊದಲೇ ಮುಗಿಬೀಳಬೇಡಿ, ಅವರ ಕೆಲಸ ವಾರದಲ್ಲಿ ಹೋಗುತ್ತದೆ, ವಾರದಲ್ಲಿ ಬರುತ್ತದೆ. ಬ್ಯಾಟಿಂಗ್, ಪಿಚಿಂಗ್ ಎರಡೂ ಮಾಡುವ ಒಹ್ತಾನಿ ಅವರನ್ನು ನಿಮ್ಮ ಆ್ಯಪ್ ಒಬ್ಬ ಆಟಗಾರನೆಂದು ಎಣಿಸುತ್ತದೋ, ಬ್ಯಾಟರ್ ಮತ್ತು ಪಿಚರ್ ಅಂತ ಇಬ್ಬರನ್ನಾಗಿ ಒಡೆಯುತ್ತದೋ ಮೊದಲೇ ನೋಡಿಕೊಳ್ಳಿ. ದುಡ್ಡು ಕೊಟ್ಟು 'ಗೆಲ್ಲುವ ಪಟ್ಟಿ' ಕೊಳ್ಳಬೇಡಿ. ಫೆಬ್ರುವರಿಯಲ್ಲಿ ಅಚ್ಚಾದ ಪಟ್ಟಿಗೆ ಮಾರ್ಚ್‌ನಲ್ಲಿ ಮೊಣಕೈ ನೋವಾದವನು ಗೊತ್ತಿರುವುದಿಲ್ಲ.

ಹೆಜ್ಜೆ 3: ನೋಡುವ ಹೊತ್ತು ಗೊತ್ತು ಮಾಡಿಕೊಳ್ಳಿ

ಆವತ್ತು ಆಡುವವರ ಪಟ್ಟಿ ಹೊಂದಿಸಲು ದಿನಕ್ಕೆ ಐದು ನಿಮಿಷ ಸಾಕು, ಆದರೆ ದಿನಾ ಒಂದೇ ಹೊತ್ತಿಗೆ. ನ್ಯೂಯಾರ್ಕ್‌ನ ಸಂಜೆ 7ರ ಆಟ ಕ್ಯಾಲಿಫೋರ್ನಿಯಾದವರಿಗೆ 4 ಗಂಟೆಗೇ ಶುರು. ಹಾಗಾಗಿ ಅಲ್ಲಿರುವವರು ಮಧ್ಯಾಹ್ನ ಊಟದ ಹೊತ್ತಿಗೇ ಮುಗಿಸಿಬಿಡಬೇಕು. ಊರಿಗೆ ಮರಳಿ ಬೆಂಗಳೂರಿನಿಂದಲೇ ಲೀಗ್ ಮುಂದುವರಿಸಿದವರೂ ಇದ್ದಾರೆ. ಅವರಿಗೆ ಅದೇ ಆಟ ಬೆಳಗಿನ ಜಾವ 4.30ಕ್ಕೆ. ರಾತ್ರಿ ಮಲಗುವ ಮುಂಚೆ ಪಟ್ಟಿ ಹೊಂದಿಸಿಟ್ಟು ಮಲಗಿ, ಎದ್ದು ಕಾಫಿ ಜೊತೆ ಸ್ಕೋರ್ ನೋಡಿ. ನನ್ನ ಪ್ರಕಾರ ಇದು ಅಮೆರಿಕದಲ್ಲಿ ಕೂತು ಆಡುವುದಕ್ಕಿಂತ ಸುಖ.

ಗಾಯಗೊಂಡವರನ್ನು ಐಎಲ್ (ಗಾಯಾಳುಗಳ ಪಟ್ಟಿ) ಜಾಗಕ್ಕೆ ಸರಿಸಿ, ಅವರ ಜಾಗಕ್ಕೆ ಇನ್ನೊಬ್ಬನನ್ನು ತನ್ನಿ. ನಿಜವಾದ ತಂಡ ಆ ಪಟ್ಟಿಗೆ ಹಾಕಿದರೆ ಬ್ಯಾಟರ್ ಕನಿಷ್ಠ 10 ದಿನ, ಪಿಚರ್ 15 ದಿನ ಹೊರಗೆ. ಇಷ್ಟೇ.

ಹೆಜ್ಜೆ 4: ಏಪ್ರಿಲ್ ಮತ್ತು ಮೇ, ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು

ಇಲ್ಲೇ ತಂಡಗಳು ಹಾಳಾಗುವುದು. ನಿಧಾನವಾಗಿ ಓದಿ.

ನಾಲ್ಕನೇ ಸುತ್ತಿನಲ್ಲಿ ತೆಗೆದುಕೊಂಡ ಬ್ಯಾಟರ್ ಒಬ್ಬನಿದ್ದಾನೆ ಅನ್ನೋಣ. ಪ್ರತಿ ವರ್ಷ .280 ಹೊಡೆಯುವವನು. ಈ ಸಲ ಮೊದಲ ಎರಡೂವರೆ ವಾರದಲ್ಲಿ 60 ಸರದಿಗೆ ಬರೀ 12 ಹಿಟ್, ಅಂದರೆ .200. ಆ್ಯಪ್ ತೆರೆದಾಗಲೆಲ್ಲ ಆ ಸಂಖ್ಯೆ ಕಣ್ಣಿಗೆ ಚುಚ್ಚುತ್ತದೆ. ಅದೇ ಹೊತ್ತಿಗೆ ಯಾರಿಗೂ ಸೇರದ ಒಬ್ಬ ಹೊಸಬ .380 ಹೊಡೆಯುತ್ತಾ ಕೈಬೀಸಿ ಕರೆಯುತ್ತಾನೆ. ಬೆರಳು 'ಡ್ರಾಪ್' ಗುಂಡಿಯ ಮೇಲೆ ಹೋಗುತ್ತದೆ.

ತಡೆಯಿರಿ, ಲೆಕ್ಕ ಹಾಕಿ. ವರ್ಷಕ್ಕೆ 550 ಸರದಿ ಅಂದುಕೊಂಡರೆ ಇನ್ನೂ 490 ಬಾಕಿ ಇವೆ. ಅವುಗಳಲ್ಲಿ ಅವನು ಎಂದಿನಂತೆ .280 ಹೊಡೆದರೆ ಇನ್ನೂ 137 ಹಿಟ್ ಬರುತ್ತವೆ. ಒಟ್ಟು 149, ಸರಾಸರಿ .271. ಮಾಮೂಲಿ ವರ್ಷದಲ್ಲಿ 154 ಹಿಟ್ ಬರುತ್ತಿತ್ತು. ನಿಮ್ಮ ನಿದ್ದೆ ಕೆಡಿಸಿದ ಆ ಕೆಟ್ಟ ಆರಂಭದ ಬೆಲೆ ಆರು ತಿಂಗಳಲ್ಲಿ 5 ಹಿಟ್. ಅದಕ್ಕಾಗಿ ಅವನನ್ನು ಬಿಟ್ಟರೆ ಎರಡು ದಿನದಲ್ಲಿ ಬೇರೆಯವರು ಎತ್ತಿಕೊಳ್ಳುತ್ತಾರೆ. ಆಮೇಲೆ ಆ 137 ಹಿಟ್ ಅವರ ಲೆಕ್ಕಕ್ಕೆ.

2024ರಲ್ಲಿ ಸ್ಟಾರ್ ಬ್ಯಾಟರ್ ಆರನ್ ಜಡ್ಜ್ ಏಪ್ರಿಲ್ ಮುಗಿಸಿದಾಗ ಸರಾಸರಿ .210ರ ಆಸುಪಾಸಿನಲ್ಲಿತ್ತು. ವರ್ಷದ ಕೊನೆಗೆ .322, ಜೊತೆಗೆ 58 ಹೋಮ್ ರನ್. ಅದೇ ಏಪ್ರಿಲ್‌ನಲ್ಲಿ ಫ್ರಾನ್ಸಿಸ್ಕೊ ಲಿಂಡೋರ್ .200 ದಾಟಲು ಒದ್ದಾಡುತ್ತಿದ್ದರು. ಅವರು 33 ಹೋಮ್ ರನ್, 29 ಕದ್ದ ಬೇಸ್‌ಗಳೊಂದಿಗೆ ವರ್ಷ ಮುಗಿಸಿದರು. ಜಡ್ಜ್ ಅವರನ್ನು ಕೈಬಿಡುವ ಧೈರ್ಯ ಯಾರಿಗೂ ಇರುವುದಿಲ್ಲ, ಹೆಸರೇ ಕಾಪಾಡುತ್ತದೆ. ಹೆಸರಿಲ್ಲದ ಏಳನೇ ಸುತ್ತಿನ ಆಟಗಾರನನ್ನು ಕಾಪಾಡಬೇಕಾದವರು ನೀವು.

ಹಾಗಾದರೆ ಏನು ನೋಡಬೇಕು? ಸರಾಸರಿಯನ್ನಂತೂ ಮೇ ಮಧ್ಯದವರೆಗೆ ನೋಡಲೇಬೇಡಿ.

ಮೊದಲು ನೋಡಬೇಕಾದ್ದು ಅವನ ಕೆಲಸ. ಬ್ಯಾಟಿಂಗ್ ಕ್ರಮದಲ್ಲಿ ಎರಡನೆಯವನಾಗಿದ್ದವನನ್ನು ಎಂಟಕ್ಕೆ ತಳ್ಳಿದ್ದಾರಾ? ಎಡಗೈ ಪಿಚರ್ ಬಂದ ದಿನ ಕೂರಿಸುತ್ತಿದ್ದಾರಾ? ಹೌದಾದರೆ ಯೋಚನೆ ಮಾಡಿ. ಎರಡನೇ ಸ್ಥಾನದಲ್ಲೇ ದಿನಾ ಆಡುತ್ತಿದ್ದರೆ ತಂಡದವರಿಗೆ ಇಲ್ಲದ ಗಾಬರಿ ನಿಮಗೇಕೆ?

ಆಮೇಲೆ ಸ್ಟ್ರೈಕ್‌ಔಟ್ ಮತ್ತು ವಾಕ್. ಇವು ಬೇಗ ನಿಜ ಹೇಳುತ್ತವೆ. ಸ್ಟ್ರೈಕ್‌ಔಟ್ ಹಿಂದಿನ ವರ್ಷದಷ್ಟೇ ಇದ್ದರೆ ಕಣ್ಣು, ಕೈ ಸರಿ ಇವೆ ಅಂತ ಅರ್ಥ.

ಮೂರನೆಯದಾಗಿ ಚೆಂಡು ಬ್ಯಾಟಿನಿಂದ ಎಷ್ಟು ವೇಗವಾಗಿ ಹೊರಡುತ್ತಿದೆ ಅನ್ನುವುದು. 2015ರಿಂದ ಎಲ್ಲ ಮೈದಾನಗಳಲ್ಲೂ ಇದನ್ನು ಅಳೆಯುತ್ತಾರೆ, ಬೇಸ್‌ಬಾಲ್ ಸಾವಂಟ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಗಂಟೆಗೆ 95 ಮೈಲಿಗಿಂತ ಜೋರಾಗಿ ಹೊಡೆದ ಚೆಂಡುಗಳ ಪಾಲು ಹಿಂದಿನ ವರ್ಷದಂತೆಯೇ ಇದ್ದರೆ ಅವನು ಚೆನ್ನಾಗಿಯೇ ಹೊಡೆಯುತ್ತಿದ್ದಾನೆ, ಚೆಂಡು ನೇರ ಫೀಲ್ಡರ್ ಕೈಗೆ ಹೋಗುತ್ತಿದೆ ಅಷ್ಟೇ. ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ ಆದವು ಅನ್ನುವ ಲೆಕ್ಕ ಲೀಗ್ ಒಟ್ಟಾರೆ .300ರ ಹತ್ತಿರ ಇರುತ್ತದೆ. ನಿಮ್ಮವನದ್ದು .210 ಇದ್ದರೆ ಮೇಲೇರುವ ಸಾಧ್ಯತೆ ಹೆಚ್ಚು. ಕೈಬೀಸಿ ಕರೆದ ಹೊಸಬನದ್ದು .450 ಇದ್ದರೆ ಕೆಳಗಿಳಿದೇ ಇಳಿಯುತ್ತದೆ.

ಪಿಚರ್‌ಗಳ ವಿಷಯದಲ್ಲಿ ನಾನು ಇಷ್ಟು ತಾಳ್ಮೆ ಹೇಳುವುದಿಲ್ಲ. ಫಾಸ್ಟ್‌ಬಾಲ್ ವೇಗ ಹಿಂದಿನ ವರ್ಷಕ್ಕಿಂತ ಗಂಟೆಗೆ ಎರಡು ಮೈಲಿ ಇಳಿದಿದ್ದರೆ ಏನೋ ನೋವಿದೆ ಅಂದುಕೊಳ್ಳಿ. ಒಂಬತ್ತನೇ ಇನಿಂಗ್ಸ್‌ನ ಕೆಲಸ ಕಳೆದುಕೊಂಡ ಕ್ಲೋಸರ್‌ನನ್ನು ಅದೇ ರಾತ್ರಿ ಬಿಡಿ. 'ಮತ್ತೆ ಸಿಗಬಹುದು' ಅಂತ ತಿಂಗಳು ಕಾಯುವವರಿದ್ದಾರೆ. ಬೆಂಚಿನ ಜಾಗಕ್ಕೂ ಬಾಡಿಗೆ ಇದೆ ಅನ್ನುವುದು ಅವರಿಗೆ ಹೊಳೆಯುವುದಿಲ್ಲ.

ಬಿಡಲೇಬೇಕಾದರೆ ಕೊನೆಯ ಮೂರು ಸುತ್ತುಗಳಲ್ಲಿ ತೆಗೆದುಕೊಂಡವರನ್ನು ಬಿಡಿ. ಆ ಜಾಗಗಳಲ್ಲಿ ಬೇಕಾದಷ್ಟು ಪ್ರಯೋಗ ಮಾಡಿ, ಉಳಿದವರ ತಂಟೆಗೆ ಹೋಗಬೇಡಿ. ಹೊಸಬರನ್ನು ಗುಟ್ಟಾಗಿ ಹರಾಜು ಕೂಗುವ ಲೀಗ್ ಆದರೆ ವರ್ಷಕ್ಕೆಂದು ಕೊಟ್ಟ 100 ಆಟದ ಡಾಲರ್‌ಗಳಲ್ಲಿ ಅರ್ಧವನ್ನು ಮೇ ಒಳಗೇ ಖರ್ಚು ಮಾಡಿ. ಹೊಸ ಕ್ಲೋಸರ್‌ಗಳು, ಕೆಳಗಿನ ಲೀಗ್‌ಗಳಿಂದ ಬರುವ ಹುಡುಗರು ಸಿಗುವುದು ಆಗಲೇ. ಸೆಪ್ಟೆಂಬರ್‌ನಲ್ಲಿ 70 ಡಾಲರ್ ಉಳಿಸಿಕೊಂಡವನಿಗೆ ಬಡ್ಡಿ ಯಾರೂ ಕೊಡುವುದಿಲ್ಲ.

ಹೆಜ್ಜೆ 5: ಒಂದು ದಿನದ ಪಿಚರ್‌ಗಳನ್ನು ಎತ್ತುವಾಗ

ಇವತ್ತು ಎಸೆಯುವವನನ್ನು ಎತ್ತಿಕೊಂಡು ನಾಳೆ ಬಿಡುವುದಕ್ಕೆ ಸ್ಟ್ರೀಮಿಂಗ್ ಅನ್ನುತ್ತಾರೆ. ಸ್ಟ್ರೈಕ್‌ಔಟ್, ಗೆಲುವು ಸಿಗುತ್ತವೆ, ನಿಜ. ಅಪಾಯ ಲೀಗ್‌ನ ಬಗೆಯ ಮೇಲೆ ನಿಂತಿದೆ. ಹೆಡ್-ಟು-ಹೆಡ್‌ನಲ್ಲಿ ಶನಿವಾರದವರೆಗೆ ನಿಮ್ಮ ಪಿಚರ್‌ಗಳು 40 ಇನಿಂಗ್ಸ್‌ಗೆ 14 ರನ್ ಕೊಟ್ಟಿದ್ದಾರೆ, ಇಆರ್‌ಎ 3.15. ಭಾನುವಾರ ಆಸೆಗೆ ಬಿದ್ದು ಎತ್ತಿದವನು 2 ಇನಿಂಗ್ಸ್‌ಗೆ 7 ರನ್ ಕೊಟ್ಟರೆ ಅದು 4.50 ಆಗುತ್ತದೆ. ವಾರದ ಇಆರ್‌ಎ ಹೋಯಿತು, ಬಹುಶಃ ವಿಪ್ ಕೂಡ. ರೋಟೋದಲ್ಲಿ ಅದೇ ಏಟು 1,400 ಇನಿಂಗ್ಸ್‌ನ ಮೊತ್ತಕ್ಕೆ ಬಿದ್ದರೆ 3.60 ಇದ್ದದ್ದು 3.64 ಆಗುತ್ತದೆ. ಆದ್ದರಿಂದ ಹೆಡ್-ಟು-ಹೆಡ್ ಆಡುವವರು ಮುಂದಿರುವ ಭಾನುವಾರ ಕೈಕಟ್ಟಿ ಕೂರಬೇಕು.

6.1 ಇನಿಂಗ್ಸ್ ಅಂತ ಕಂಡರೆ ಗಲಿಬಿಲಿ ಬೇಡ. ನಮ್ಮ ಓವರ್ ಬರೆಯುವ ಕ್ರಮವೇ. ಆರು ಇನಿಂಗ್ಸ್, ಮೇಲೊಂದು ಔಟ್. 6.2 ಆದ ಮೇಲೆ 7.

ಮೈದಾನವನ್ನೂ ನೋಡಿ. ಡೆನ್ವರ್‌ನ ಕೂರ್ಸ್ ಫೀಲ್ಡ್ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ. ತೆಳು ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ, ಕರ್ವ್‌ಬಾಲ್ ಸರಿಯಾಗಿ ತಿರುಗುವುದಿಲ್ಲ. ಅಲ್ಲಿ ಎಸೆಯುವ ಬಾಡಿಗೆ ಪಿಚರ್‌ನನ್ನು ಯಾವತ್ತೂ ಎತ್ತಬೇಡಿ, ಯಾವ ಆ್ಯಪ್ ಎಷ್ಟೇ ಹಸಿರು ಬಾಣ ತೋರಿಸಿದರೂ. ಸ್ಯಾನ್ ಫ್ರಾನ್ಸಿಸ್ಕೊದ ಒರೇಕಲ್ ಪಾರ್ಕ್ ಇದಕ್ಕೆ ಉಲ್ಟಾ, ಕೊಲ್ಲಿಯ ತಣ್ಣನೆ ಗಾಳಿ ಪಿಚರ್ ಪರ.

ಹೆಜ್ಜೆ 6: ಅದಲುಬದಲು

'ನಿನ್ನ ಹತ್ತಿರ ಹೋಮ್ ರನ್ ಜಾಸ್ತಿ, ನನ್ನ ಹತ್ತಿರ ವೇಗದವರು ಜಾಸ್ತಿ, ನೋಡೋಣ್ವಾ?' ಅಂತ ಮೊದಲು ಮೆಸೇಜ್ ಹಾಕಿ, ಆಮೇಲೆ ಆ್ಯಪ್‌ನಲ್ಲಿ ಕಳಿಸಿ. ಇಬ್ಬರು ಕಸ ಕೊಟ್ಟು ಒಬ್ಬ ಚಿನ್ನ ಕೇಳುವವನ ಮೆಸೇಜನ್ನು ಜೂನ್ ಹೊತ್ತಿಗೆ ಯಾರೂ ತೆರೆಯುವುದಿಲ್ಲ. ಒಂದು ಮಾತು ಗಮನದಲ್ಲಿರಲಿ. 2023ರಲ್ಲಿ ಬೇಸ್‌ಗಳನ್ನು 15ರಿಂದ 18 ಇಂಚಿಗೆ ಅಗಲ ಮಾಡಿ, ಪಿಚರ್ ಇಷ್ಟು ಸೆಕೆಂಡಿನೊಳಗೆ ಎಸೆಯಬೇಕು ಅಂತ ಗಡಿಯಾರ ಹಾಕಿದ ಮೇಲೆ ಮೇಜರ್ ಲೀಗ್‌ನಲ್ಲಿ ವರ್ಷದ ಕದ್ದ ಬೇಸ್ 2,486ರಿಂದ 3,503ಕ್ಕೆ ಏರಿತು. ಹಳೆ ಲೆಕ್ಕದಲ್ಲಿ 20 ಬೇಸ್ ಕದಿಯುವವನಿಗೆ ಕೊಡುತ್ತಿದ್ದ ಬೆಲೆ ಈಗ ಕೊಡಬೇಡಿ.

ಬೇರೆಯವರ ಅದಲುಬದಲಿಗೆ ಅಡ್ಡಗಾಲು ಹಾಕಬೇಡಿ. ಒಳಒಪ್ಪಂದ ಇದ್ದರೆ ಮಾತ್ರ ಲೀಗ್ ನಡೆಸುವ ಕಮಿಷನರ್ ತಡೆಯಲಿ.

ಹೆಜ್ಜೆ 7: ಜುಲೈ ಕೊನೆಯಿಂದ ಮುಂದಕ್ಕೆ

ಜುಲೈ ಕೊನೆಯ ಸುಮಾರಿಗೆ ನಿಜವಾದ ತಂಡಗಳ ಅದಲುಬದಲಿಗೆ ಗಡುವು. ಸೋಲುವ ತಂಡದ ಕ್ಲೋಸರ್ ಗೆಲ್ಲುವ ತಂಡಕ್ಕೆ ಹೋಗಿ ಎಂಟನೇ ಇನಿಂಗ್ಸ್ ಎಸೆಯುವವನಾಗಬಹುದು, ನಿಮ್ಮ ಸೇವ್ ಅಲ್ಲಿಗೆ ನಿಂತಿತು. ಅವನ ಹಿಂದೆ ನಿಂತವನನ್ನು ಒಂದು ವಾರ ಮೊದಲೇ ಎತ್ತಿಟ್ಟುಕೊಳ್ಳಿ. ಸೆಪ್ಟೆಂಬರ್ 1ಕ್ಕೆ ತಂಡಗಳು 26ರಿಂದ 28 ಜನಕ್ಕೆ ಬೆಳೆಯುತ್ತವೆ. ಆ ತಿಂಗಳು ಪ್ಲೇಆಫ್ ಜಾಗ ಗಟ್ಟಿಯಾದ ತಂಡಗಳು ದೊಡ್ಡವರಿಗೆ ವಿಶ್ರಾಂತಿ ಕೊಡುತ್ತವೆ, ಎಳೆಯ ಪಿಚರ್‌ಗಳನ್ನು ಕೈ ಉಳಿಯಲಿ ಅಂತ ಕೂರಿಸುತ್ತವೆ. ಹೆಡ್-ಟು-ಹೆಡ್ ಲೀಗ್‌ನಲ್ಲಿ ನಿಮ್ಮ ಪ್ಲೇಆಫ್ ಇರುವುದೂ ಅದೇ ತಿಂಗಳು. ಹಾಗಾಗಿ ಆಗಸ್ಟ್‌ನಿಂದಲೇ, ಇನ್ನೂ ಜಾಗಕ್ಕಾಗಿ ಬಡಿದಾಡುತ್ತಿರುವ ತಂಡಗಳ ಆಟಗಾರರನ್ನು ಕೂಡಿಸಿ.

ಸೋತವರೂ ಪಟ್ಟಿ ಹೊಂದಿಸುತ್ತಿರಬೇಕು. ಅವರು ಕೈಬಿಟ್ಟರೆ ಅವರ ಎದುರು ಆಡುವವನಿಗೆ ಪುಕ್ಕಟೆ ಗೆಲುವು, ಉಳಿದವರಿಗೆ ಅನ್ಯಾಯ. ಕೊನೆಯವನು ಎಲ್ಲರಿಗೂ ಊಟ ಹಾಕಿಸಬೇಕು ಅಂತ ಮಾರ್ಚ್‌ನಲ್ಲೇ ನಿಯಮ ಮಾಡಿ. ಕೆಳಗಿನ ನಾಲ್ವರು ಸೆಪ್ಟೆಂಬರ್‌ವರೆಗೆ ಎಚ್ಚರವಾಗಿರುತ್ತಾರೆ. ಹಣ ಕಟ್ಟುವ ಲೀಗ್ ಆದರೆ ಡ್ರಾಫ್ಟ್‌ಗೆ ಮುಂಚೆಯೇ ವಸೂಲಿ ಮಾಡಿ, ಅಕ್ಟೋಬರ್‌ನಲ್ಲಿ ಯಾರೂ ಫೋನ್ ಎತ್ತುವುದಿಲ್ಲ. ಭಾರತದಿಂದ ಆಡುವ ಗೆಳೆಯರನ್ನು ಹಣದ ಲೆಕ್ಕದಿಂದ ಹೊರಗಿಡಿ. 2025ರಲ್ಲಿ ಬಂದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಅಲ್ಲಿ ನಿಷೇಧಿಸಿದೆ.

ಕೊನೆಯ ಭಾನುವಾರ ಎಲ್ಲ ಆಟಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಶುರುವಾಗುತ್ತವೆ, ನ್ಯೂಯಾರ್ಕ್ ಲೆಕ್ಕದಲ್ಲಿ ಮಧ್ಯಾಹ್ನ 3ಕ್ಕೆ. ಎಂದಿನಂತೆ ರಾತ್ರಿ ಆಟದವರನ್ನು ಆಮೇಲೆ ಹೊಂದಿಸೋಣ ಅಂತ ಕೂರಬೇಡಿ. ಕ್ಯಾಲಿಫೋರ್ನಿಯಾದವರು 12ರೊಳಗೆ, ಬೆಂಗಳೂರಿನವರು ರಾತ್ರಿ 12.30ರೊಳಗೆ ಪಟ್ಟಿ ಹಾಕಿ ಮುಗಿಸಿರಬೇಕು.