ಸಣ್ಣ ದೂರದರ್ಶಕದಲ್ಲಿ ಶನಿಯ ಟೈಟನ್ ಗುರುತಿಸುವುದು ಹೇಗೆ?

ಶನಿಯ ಉಂಗುರಗಳನ್ನು ತೋರಿಸುವ ದೂರದರ್ಶಕದಲ್ಲಿ ಟೈಟನ್ ಕೂಡ ಕಾಣುತ್ತದೆ. ಆದರೆ ಉಂಗುರಗಳ ಬೆರಗಿನಲ್ಲಿ ಹೆಚ್ಚಿನವರು ಪಕ್ಕದ ಚುಕ್ಕಿಯತ್ತ ಗಮನ ಕೊಡುವುದಿಲ್ಲ. 5,150 ಕಿ.ಮೀ. ವ್ಯಾಸವಿರುವ, ಬುಧಗ್ರಹಕ್ಕಿಂತ ದೊಡ್ಡದಾದ ಈ ಉಪಗ್ರಹವನ್ನು ಮನೆಯ ತಾರಸಿಯಿಂದಲೇ ನೋಡಬಹುದು.

ಮೊದಲು ಕಾಲವನ್ನು ಆರಿಸಿಕೊಳ್ಳಬೇಕು. ಶನಿಯು ಸೂರ್ಯನಿಗೆ ಎದುರು ದಿಕ್ಕಿಗೆ ಬಂದಾಗ ಇರುಳಿಡೀ ಆಕಾಶದಲ್ಲಿರುತ್ತದೆ. 2026ರಲ್ಲಿ ಇದು ಅಕ್ಟೋಬರ್ 4ರಂದು ಸಂಭವಿಸುತ್ತದೆ. ಮುಂದಿನ ವರ್ಷಗಳಲ್ಲಿ ಸುಮಾರು ಎರಡೆರಡು ವಾರ ತಡವಾಗುತ್ತ ಹೋಗುತ್ತದೆ. ನಮ್ಮಲ್ಲಿ ಮಳೆಗಾಲದ ಮೋಡ ಸರಿದ ಮೇಲಿನ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಇನ್ನೂ ಅನುಕೂಲ.

60ರಿಂದ 80 ಮಿ.ಮೀ. ಮಸೂರದ ದೂರದರ್ಶಕ ಸಾಕು. ಮಿನುಗದೆ ಹಳದಿಯಾಗಿ ಬೆಳಗುವ ಶನಿಯನ್ನು 25 ಮಿ.ಮೀ. ಐಪೀಸ್‌ನಲ್ಲಿ (ಕಣ್ಣಿಟ್ಟು ನೋಡುವ ಮಸೂರ) ನಡುವಿಗೆ ತಂದು, ಬಳಿಕ 10 ಮಿ.ಮೀ. ಐಪೀಸ್ ಹಾಕಿ, 700 ಮಿ.ಮೀ. ನಾಭಿದೂರದ ಉಪಕರಣವಾದರೆ 70 ಪಟ್ಟು ವರ್ಧನೆ ಸಿಗುತ್ತದೆ. ಟೈಟನ್‌ನ ಕಾಂತಿಮಾನ (ಹೊಳಪಿನ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಮಸುಕು) ಸುಮಾರು 8.4 ಆಗಿರುವುದರಿಂದ ಬೀದಿದೀಪಗಳ ಬೆಳಕು ನೇರವಾಗಿ ಕಣ್ಣಿಗೆ ಬೀಳದ ಜಾಗದಲ್ಲಿ ನಿಲ್ಲುವುದು ಒಳ್ಳೆಯದು.

ಆ ಸುತ್ತಮುತ್ತಲ ಚುಕ್ಕಿಗಳಲ್ಲಿ ಟೈಟನ್ ಯಾವುದು? ಇಲ್ಲಿ ಆತುರಪಡಬಾರದು. ಉಂಗುರಗಳ ಒಟ್ಟು ಅಗಲವನ್ನೇ ಅಳತೆಗೋಲಾಗಿಸಿಕೊಳ್ಳಿ: ಟೈಟನ್ ಶನಿಯಿಂದ ಅತಿ ದೂರ ಕಾಣುವಾಗ ಗ್ರಹದ ಕೇಂದ್ರದಿಂದ ಅಂಥ ನಾಲ್ಕೂವರೆ ಅಗಲದಷ್ಟು ಆಚೆ ಇರುತ್ತದೆ. ಉಂಗುರಗಳು 2025ರ ಮಾರ್ಚ್‌ನಲ್ಲಿ ನಮಗೆ ಅಂಚಾಗಿ ತಿರುಗಿದ್ದವು. ಓರೆ ಇನ್ನೂ ಕಡಿಮೆಯಿರುವ ಈ ಒಂದೆರಡು ವರ್ಷಗಳಲ್ಲಿ ಉಂಗುರದ ರೇಖೆಯನ್ನು ಎರಡೂ ಬದಿಗೆ ಚಾಚಿ, ಅದರ ಆಸುಪಾಸಿನಲ್ಲಿಯೇ ಹುಡುಕಬೇಕು. ಮೋಟಾರು ಇಲ್ಲದ ದೂರದರ್ಶಕದಲ್ಲಿ ಶನಿ ಯಾವ ಅಂಚಿನತ್ತ ಜಾರುತ್ತದೆಯೋ ಅದೇ ಪಶ್ಚಿಮ. ಬಿಂಬ ತಿರುಗುಮುರುಗಾಗಿದ್ದರೂ ಈ ಗುರುತು ತಪ್ಪುವುದಿಲ್ಲ.

ಈಗ ಕಾಗದದ ಮೇಲೆ ಚಿತ್ರ ಬರೆದು, ದಿನಾಂಕ ಮತ್ತು ವೇಳೆ ನಮೂದಿಸಿ. ಮರುದಿನ ಮತ್ತೆ ನೋಡಿದರೆ, ಹಿನ್ನೆಲೆಯ ನಕ್ಷತ್ರವಾಗಿದ್ದ ಚುಕ್ಕಿಯನ್ನು ಶನಿ ಉಂಗುರದ ಅಗಲದ ಹಲವು ಪಟ್ಟು ದೂರ ಬಿಟ್ಟು ಬಂದಿರುತ್ತದೆ, ಟೈಟನ್ ಮಾತ್ರ ಜೊತೆಗಿರುತ್ತದೆ. ಎಂಟು ದಿನಗಳಲ್ಲಿ ಅದು ಶನಿಯ ಇನ್ನೊಂದು ಬದಿಗೆ ಹೋಗಿ, ಸುಮಾರು ಹದಿನಾರನೇ ದಿನ ಮೊದಲಿನ ಜಾಗಕ್ಕೆ ಮರಳುತ್ತದೆ. 1655ರ ಮಾರ್ಚ್ 25ರಂದು ಇದನ್ನು ಮೊದಲು ಕಂಡ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಕೂಡ ಹೀಗೆಯೇ ಬಿಡದೆ ಗಮನಿಸಿ ಇದು ಶನಿಯ ಸಂಗಾತಿಯೆಂದು ನಿರ್ಧರಿಸಿದರು. ಮೊಬೈಲ್ ಆ್ಯಪ್ ಉತ್ತರವನ್ನು ಕೂಡಲೇ ಕೊಡುತ್ತದೆ, ನಿಜ; ಆದರೂ ಮೊದಲು ಚಿತ್ರ ಬರೆದು ಆಮೇಲೆ ತಾಳೆ ನೋಡಬೇಕೆಂಬುದು ನನ್ನ ಒತ್ತಾಯ, ಏಕೆಂದರೆ ಒಂದು ಲೋಕ ಸುತ್ತುವುದನ್ನು ಸ್ವತಃ ಕಂಡುಹಿಡಿಯುವ ಅವಕಾಶ ಹೀಗೆ ಸುಲಭವಾಗಿ ಸಿಗುವುದು ಅಪರೂಪ.

ಆ ಚುಕ್ಕಿಯ ಬೆಳಕು ಟೈಟನ್‌ನ ನೆಲದ್ದಲ್ಲ. ಮುಖ್ಯವಾಗಿ ಸಾರಜನಕವಿರುವ, ಭೂಮಿಗಿಂತ ಒಂದೂವರೆ ಪಟ್ಟು ಒತ್ತಡದ ವಾತಾವರಣದ ಮೇಲ್ಪದರದಲ್ಲಿರುವ ಕಿತ್ತಳೆ ಮಬ್ಬು ಪ್ರತಿಫಲಿಸಿದ ಬಿಸಿಲು ಅದು. ಕೆಳಗೆ ಸುಮಾರು ಮೈನಸ್ 179 ಡಿಗ್ರಿ ಸೆಲ್ಸಿಯಸ್ ಚಳಿ, ದ್ರವ ಮೀಥೇನ್‌ನ ಸರೋವರಗಳು. 2005ರ ಜನವರಿ 14ರಂದು ಅಲ್ಲಿ ಇಳಿದ ಹೈಗನ್ಸ್ ನೌಕೆಯ ಚಿತ್ರದಲ್ಲಿ ಉರುಟಾದ ಮಂಜುಗಡ್ಡೆಯ ಕಲ್ಲುಗಳಿದ್ದವು.

ಟೈಟನ್ ಖಚಿತವಾದ ಮೇಲೆ, 80 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ದೂರದರ್ಶಕವಿದ್ದವರು ಶನಿಯ ಇನ್ನೊಂದು ಉಪಗ್ರಹವಾದ ರಿಯಾವನ್ನು ಹುಡುಕಬಹುದು. ಅದು ಇನ್ನೂ ಮಸುಕು. ಶನಿಯ ಕೇಂದ್ರದಿಂದ ಎರಡು ಉಂಗುರದಗಲದ ಒಳಗೇ ಇದ್ದು, ನಾಲ್ಕೂವರೆ ದಿನಕ್ಕೊಮ್ಮೆ ಸುತ್ತು ಮುಗಿಸುತ್ತದೆ.