ಡೆತ್ ವ್ಯಾಲಿಯ ಹಳೇ ಗಣಿ ರಸ್ತೆಗಳಲ್ಲಿ ಒಬ್ಬರೇ ನಡೆಯುವವರಿಗೆ

ಕ್ಯಾಲಿಫೋರ್ನಿಯಾದಲ್ಲಿರುವ ಗೆಳೆಯರೇ, ಡೆತ್ ವ್ಯಾಲಿ ಮರುಭೂಮಿಗೆ ಹೊರಟಿದ್ದರೆ ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. 1913ರಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾದ ಜಾಗ ಅದು. ಬೇಸಿಗೆಯಲ್ಲಿ ಅಲ್ಲಿ ನಡೆಯುವ ಮಾತೇ ಬೇಡ.

ಪಾಳುಬಿದ್ದ ಗಣಿ ರಸ್ತೆ ಕಣ್ಣಿಗೆ ಕಾಣುತ್ತಲೇ ಇರುತ್ತದೆ, ದಾರಿ ಹೇಗೆ ತಪ್ಪುತ್ತೆ ಅನ್ನಿಸುತ್ತದೆ ಅಲ್ವಾ? ತೊಂದರೆ ಇರುವುದು ಕವಲುಗಳಲ್ಲಿ. ಅದಿರು ಹುಡುಕಿದವರು ಸಿಕ್ಕ ಕಡೆಯೆಲ್ಲ ಅಡ್ಡದಾರಿ ಮಾಡಿದ್ದಾರೆ. ಎಷ್ಟೋ ದಾರಿಗಳು ಒಂದು ಗುಂಡಿ, ಒಂದಿಷ್ಟು ಕಲ್ಲುಪುಡಿ ರಾಶಿಯ ಹತ್ತಿರ ಸುಮ್ನೆ ನಿಂತುಬಿಡುತ್ತವೆ. ಏರುವಾಗ ಕವಲು ಗಮನಕ್ಕೇ ಬರುವುದಿಲ್ಲ, ಇಳಿಯುವಾಗ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಪ್ರತಿ ಕವಲಿನಲ್ಲೂ ಹಿಂದಕ್ಕೆ ತಿರುಗಿ, ಬಂದ ದಾರಿಯ ಫೋಟೋ ತೆಗೆದುಕೊಳ್ಳಿ. ನನ್ನ ಪ್ರಕಾರ ಇದಕ್ಕಿಂತ ಉಪಯೋಗದ ಅಭ್ಯಾಸ ಇನ್ನೊಂದಿಲ್ಲ.

ದಿನಕ್ಕೆ ಕನಿಷ್ಠ 4 ಲೀಟರ್ ನೀರು ಬೇಕು. ಜೊತೆಗೆ ಉಪ್ಪಿನ ತಿಂಡಿ, ಚಕ್ಕುಲಿಯಾದರೂ ಸರಿ. ನೀರು ಅರ್ಧ ಆಗುವ ಮುಂಚೆಯೇ ವಾಪಸ್ ತಿರುಗಿ, ಗಣಿ ಎದುರಿಗೇ ಕಾಣುತ್ತಿದ್ದರೂ ಸರಿ.

ಸುರಂಗದೊಳಗೆ ಒಂದು ಹೆಜ್ಜೆಯೂ ಇಡಬೇಡಿ. ಒಳಗೆ ಕತ್ತಲಲ್ಲಿ ನೇರ ಆಳದ ಬಾವಿಯಂಥ ಗುಂಡಿಗಳಿರುತ್ತವೆ, ಗಾಳಿಯಲ್ಲಿ ಆಮ್ಲಜನಕ ಕಡಿಮೆ ಇರಬಹುದು. ಸುರಂಗದ ಬಾಯಿಗೆ ಅಡ್ಡ ಹಾಕಿದ ಕಬ್ಬಿಣದ ಸರಳುಗಳ ಸಂದಿಯಲ್ಲಿ ಬಾವಲಿಗಳು ಓಡಾಡುತ್ತವೆ, ಹೊರಗಿನಿಂದಲೇ ನೋಡಿ.

ಅಲ್ಲಿ ಬಹುತೇಕ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಕಾಗದದ ನಕ್ಷೆ ಇಟ್ಟುಕೊಳ್ಳಿ. ಯಾವ ರಸ್ತೆ, ಕಾರು ಎಲ್ಲಿ, ಎಷ್ಟು ಗಂಟೆಗೆ ವಾಪಸ್, ಮೂರನ್ನೂ ಮನೆಯವರಿಗೆ ಬರೆದು ಕಳಿಸಿ. ಡಿಸೆಂಬರ್‌ನಲ್ಲಿ ಬೇಗ ಕತ್ತಲಾಗುತ್ತದೆ, ಹೆಡ್‌ಲ್ಯಾಂಪ್ ಮರೆಯಬೇಡಿ.